ಕರಿ ಎರಡರ ಮನಿ

ಹೆಸರು ದುಂಡಪ್ಪ, ಮೈ ನೋಡಿದರ ಕಬ್ಬಿನ ಗಳ.
"ಹೆಸರಿಟ್ಟಾಕಿ ನಮ್ಮ ಸೋದರತ್ತಿ,
ಕಣ್ಣಾಗ ಪೊರಿ ಬಂದಿತ್ತರಿ ಪಾಪ"
ಅಂತಲೇ ಸುರು ಮಾಡಾಂವ,
ಆಮ್ಯಾಲ ಪೇಟಿ ತಗದು ಒಮ್ಮೆ ಕೆಮ್ಮಿಸಾಂವ.
ನಾನು ಬಾಜೂಕ. ತಬಲಾ. ಮೀರಾಸಾಬ ನದಾಫ.
ಇಪ್ಪತ್ತಾರು ವರ್ಷ ನನ್ನ ಕೆಲಸ ಎರಡ:
ಠೇಕಾ ಹಿಡಿಯೋದು, ನಗದ ಕುಂಡ್ರೋದು.
"ನೀ ನಕ್ಕರ ಹತ್ತು ರೂಪಾಯಿ ಮುರಕೋತೇನಿ" ಅಂದಿದ್ದ.
ಮುರಕೊಂಡಾನ, ಸುಳ್ಳಲ್ಲ.
ಮೂಡಲಗಿಯೊಳಗ ಒಮ್ಮೆ, ತೇರದಾಳದಾಗ ಎರಡ ಸರತಿ.

ಬನಹಟ್ಟಿಯ ಒಂದ ಓಣಿಯವರು ನಾವು.
ಪವರಲೂಮು ಖಟಕ್ ಪಟಕ್, ಖಟಕ್ ಪಟಕ್,
ಕರೆಂಟು ಹೋದರ ಊರಿಗೂರೇ ಕಿವುಡ.
ಅಂವ ಹೇಳತಿದ್ದ: ತಾಳ ಕಲತದ್ದು ಮಗ್ಗದಿಂದ,
ಯಾವಾಗ ಸುಮ್ಮನಿರಬೇಕು ಅನ್ನೋದು
ಕಲತದ್ದು ಕೆಇಬಿಯಿಂದ.

ಮೊದಲ ನಾಟಕ ಕಂಪನಿ.
ಪರದೆ ಹಿಂದ ಅರಮನಿ ಕಟ್ಟೂ ತನಕ
ಮಂದಿ ಎದ್ದು ಹೋಗಬಾರದಂತ ಕುಂಡ್ರಿಸಿದ್ದರು.
ಅತ್ತಿ ಸೊಸಿ ಜಗಳಾ ಭೈರವಿಯೊಳಗ,
ಬಸ್ ಸ್ಟ್ಯಾಂಡಿನ ಮೈಕು ವಿಲಂಬಿತದೊಳಗ:
ಜಮಖಂ…ಡೀ… ಜಮ… ಖಂ…
ಬಸ್ಸು ಹೋಗಿಬಿಟ್ಟಿರತಿತ್ತು, ಆಲಾಪ ಮುಗದಿರತಿದ್ದಿಲ್ಲ.
ಕಂಪನಿ ಮುಳುಗಿತು. ಅರಮನಿ ಹರಾಜಾತು. ಇಂವ ಉಳದ.

ಮುಧೋಳದ ಲಗ್ನಕ್ಕ ಹೋದಾಗ
ಟೆಂಪೋದಿಂದ ಪೇಟಿ ಬಿತ್ತು.
ಕರಿ ಎರಡರ ಮನಿ ಸತ್ತಿತ್ತು.
ಒತ್ತಿದ, ಸಪ್ಪಳಿಲ್ಲ. ಮತ್ತ ಒತ್ತಿದ.
ಬೀಗರ ಕಡೆ ನೋಡಿ, ಕದಾ ಬಡದಂಗ ಬಟ್ಟಿಲೆ ಟಕಟಕ:
"ಈ ಮನ್ಯಾಗ ಯಾರೂ ಇಲ್ರೆಪಾ. ಊರಿಗೆ ಹೋಗ್ಯಾರ."
ಮಂದಿ ನಕ್ಕ ರಭಸಕ್ಕ
ಕೈಯಾಗಿನ ಅಕ್ಕಿಕಾಳು ಮುಂಚೇನ ಬಿದ್ದುವು.
ಅವತ್ತಿನಿಂದ ಆ ಮನಿ ರಿಪೇರಿ ಮಾಡಿಸಲಿಲ್ಲ.
ಅದರ ಮ್ಯಾಲೇ ನಮ್ಮ ಎರಡೂ ಮನಿ ನಡದುವು.
ಸಾಲಿ ಗ್ಯಾದರಿಂಗು, ಗಣಪತಿ ಮಂಟಪ,
ಒಮ್ಮೆ ವಿಜಾಪುರದಾಗ ಡಾಕ್ಟರ್‌ಗಳ ಸಂಘ;
ಅಲ್ಲಿ ಯಾರೂ ನಗಲಿಲ್ಲ, ರೊಕ್ಕ ಮಾತ್ರ ಭಾಳ ಕೊಟ್ಟರು.
ಎಲ್ಲಿ ಹೋದರೂ ಕಡೀಕ ಅದ, ಊರಿಗೊಂದು ಕಾರಣ:
ಬಾಡಗಿ ಕೊಡದ ಓಡಿ ಹೋಗ್ಯಾರ,
ವೋಟು ಕೇಳಾಕ ಬಂದಾರಂತ ಒಳಗಿನ ಚಿಲಕಾ ಹಾಕ್ಯಾರ.

ನೀಲವ್ವ ತೀರಿದ ಹನ್ನೊಂದನೇ ದಿನಕ್ಕ ಮಹಾಲಿಂಗಪುರ.
ಮುಂಗಡ ತಿಂದಾಗಿತ್ತು, ಹೋಗಬೇಕಾತು.
ಒತ್ತಿದ. ಟಕಟಕ ಬಡದ.
ಮುಂದಿನ ಮಾತು ಬರಲಿಲ್ಲ.
ಮತ್ತ ಬಡದ.
ಅದೂ ಒಂದು ನಮೂನಿ ಜೋಕು ಅಂದಕೊಂಡು
ಮಂದಿ ಕಣ್ಣೊರಸಿಕೊಂಡು ನಕ್ಕರು.
ನಾನು ತಬಲಾದ ಮ್ಯಾಲ ಮಾರಿ ಬಗ್ಗಿಸಿ
ನಗದ ಕುಂತಿದ್ದೆ.
ಅವತ್ತೊಂದ ದಿನ ಅದು ಕೆಲಸ ಅನಸಲಿಲ್ಲ.

ವರ್ಷ ತುಂಬೂದರಾಗ ಮಗಳು ಭಾಗೀರಥಿ
ಹೇಳದ ಕೇಳದ ಪೇಟಿ ಮಿರಜಕ್ಕ ಒಯ್ದು
ಹೊಸಾ ಸ್ವರ ಕೂಡಿಸಿಕೊಂಡು ಬಂದಳು.
ಅಪ್ಪಗ ಖುಷಿ ಆಗಲೆಂತ.
ನನಗೂ ಹೇಳಿದ್ದಿಲ್ಲ.

ಗೋಕಾಕ. ರಾತ್ರಿ ಹತ್ತೂವರಿ.
ಒತ್ತಿದ.
ಕೂಗಿತು.
ಕಾದ ಹಂಚು ಮುಟ್ಟಿದವರಂಗ ಬಟ್ಟು ಎಳಕೊಂಡ.
"ಯಾರ ಬಂದೀರಿ?" ಅಂದ,
ಮೈಕಿನ್ಯಾಗಲ್ಲ.
ಯಾರೂ ನಗಲಿಲ್ಲ. ಹಿಂದಿನ ಸಾಲಿನಾಗ ಒಬ್ಬ ಸೀಟಿ ಹೊಡದ.

ಬರೂ ಹಾದ್ಯಾಗ ಯಾದವಾಡದ ಚಹಾದಂಗಡಿ.
ಬಸಿಯೊಳಗ ಚಹಾ ಆರಿಸಿಕೋತ ಅಂದ:
"ಮೀರ್ಯಾ, ನಿಮ್ಮಪ್ಪ ಊರ ಮಂದಿ ಗಾದಿಗೆಲ್ಲಾ ಅರಳಿ ತುಂಬಿದಾಂವ.
ನೀ ಇದರಾಗ ಒಂದ ಚೂರ ತುಂಬು."
ಆಗಲ್ಲ ಅನ್ನಬೇಕಂದೆ.
ಕಿವಿಯೊಳಗಿನ ಅತ್ತರದ ಅರಳಿ ತಗದು
ಆ ಸ್ವರದ ಬಾಯಿಗೆ ತುರುಕಿದೆ.

ಮರುದಿನ ಮುದ್ದೇಬಿಹಾಳ.
ಟಕಟಕ.
"ಈ ಮನ್ಯಾಗ ಯಾರೂ ಇಲ್ರೆಪಾ."
ಮಂದಿ ಹೊಟ್ಟಿ ಹಿಡಕೊಂಡರು.
ಭಾತಿ ಒತ್ತಿದಾಗೊಮ್ಮೆ
ಯಾರೂ ಇಲ್ಲದ ಮನಿಯಿಂದ ಸಣ್ಣಗ ಅತ್ತರದ ವಾಸನಿ
ನಮ್ಮಿಬ್ಬರ ತನಕ ಅಷ್ಟ ಬರತಿತ್ತು.

ಆ ರಾತ್ರಿ ಪಗಾರದಾಗ ಹತ್ತು ರೂಪಾಯಿ ಕಮ್ಮಿ.
ನಾ ನಕ್ಕದ್ದು ನನಗ ನೆನಪಿಲ್ಲ.